ಬಂಡೆಮ್ಮ ಬಾಯಿಬಿಟ್ಟು ಹೇಳದ ಹೆಸರು

ತೆಲುಗು ಸೀಮೆಯ ಮಿಯಾಪುರದಲ್ಲಿ ಬಂಡೆಮ್ಮನ ರೊಟ್ಟಿ ತಿಂದವರು ಬಹಳ, ಅವಳ ಜೊತೆ ಕೂತು ಉಂಡವರು ಯಾರೂ ಇಲ್ಲ. ದೇವದುರ್ಗದ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು ಅವಳು. ಆ ಮಹಾರಾಯ ಒಂದು ದಿನ, ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಕೆಲಸ ಕೇಳಿ ಬರುತ್ತೇನೆಂದು ಬಸ್ಸು ಹತ್ತಿದ. ಹೋದವನು ಹೋದ. ಸೊಲ್ಲಾಪುರದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆಂದು ಕೆಲವರು, ಸತ್ತೇ ಹೋದನೆಂದು ಕೆಲವರು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು?

ಬಂಡೆಮ್ಮ ಕುಂಕುಮ ಅಳಿಸಲಿಲ್ಲ, ಗಂಡನ ಹೆಸರನ್ನು ಬಾಯಲ್ಲಿ ತರಲೂ ಇಲ್ಲ. ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಮದುವೆಯ ದಿನ ಗಂಡನ ಹೆಸರು ಸೇರಿಸಿ ಒಡಪು ಹೇಳೆಂದು ಗೆಳತಿಯರು ಬಾಗಿಲಿಗೆ ಅಡ್ಡ ನಿಂತಾಗ ಒಮ್ಮೆ ಹೇಳಿದ್ದೇ ಕೊನೆ. ರೇಷನ್ ಕಾರ್ಡಿನವರು ಕೇಳಿದರೆ ಅವನ ಹೆಸರು ಹಚ್ಚೆ ಹಾಕಿಸಿಕೊಂಡ ಮುಂಗೈ ಚಾಚುವಳು. ಲಿಪಿ ಹತ್ತಿರದ್ದಾದ್ದರಿಂದ ತೆಲುಗಿನವರೂ ಓದಿಕೊಳ್ಳುತ್ತಿದ್ದರು. ಎಲ್ಲೋ ಇರುವ ಗಂಡನಿಗೆ ಅವಳು ಮಾಡಬಹುದಾದ ಸೇವೆ, ಹೆಸರು ಹೇಳದಿರುವುದೊಂದೇ ಉಳಿದಿತ್ತು.

ಸೊಂಟ ಸೋತ ಮೇಲೆ ಕಟ್ಟಡದ ಕೆಲಸ ಬಿಟ್ಟು ರೊಟ್ಟಿ ಬಡಿಯಲು ಕೂತಳು. ಪಕ್ಕದ ಕೋಣೆಯ ಭಾಗ್ಯಶ್ರೀ ಅಮೀರ್‌ಪೇಟ್‌ಗೆ ಹೋಗಿ ಆನ್‌ಲೈನ್ ವ್ಯಾಪಾರ ಕಲಿಯುತ್ತಿದ್ದಳು. ಆ ರೊಟ್ಟಿಯನ್ನು ಫೋನಿನಲ್ಲಿ ಕೊಳ್ಳುವ ಆಪ್‌ಗೆ ಏರಿಸಿದವಳು ಅವಳೇ. ಆದರೆ ಅಲ್ಲಿ ರೊಟ್ಟಿ ಮಾರುವವರು ಒಬ್ಬರೇ ಇಬ್ಬರೇ! ಅಮ್ಮನ ರೊಟ್ಟಿ, ಅಜ್ಜಿ ರೊಟ್ಟಿ, ಅನ್ನಪೂರ್ಣ ರೊಟ್ಟಿ, ದೊಡ್ಡ ಸಂತೆಯೇ ನೆರೆದಿತ್ತು.

“ಚಿಗವ್ವ, ಯಾರ ಕಡೆನೂ ಇಲ್ಲದ ಹೆಸರು ಬೇಕು ನೋಡು. ಒಮ್ಮಿ ಓದಿದ್ರ ಮರೀಬಾರ್ದು. ಅಂದ್ರನ ನಾವು ಮುಂದ ಹೋಗೂದು,” ಎಂದಳು ಭಾಗ್ಯಶ್ರೀ.

ಬಂಡೆಮ್ಮ ಮುಂಗೈ ಚಾಚಿದಳು. ಹಸಿರು ಅಕ್ಷರಗಳಲ್ಲಿ ‘ದ್ಯಾವಪ್ಪ’ ಎಂದಿತ್ತು.

ಅಮ್ಮ ಅಜ್ಜಿಯರ ನಡುವೆ ಗಂಡಸಿನ ಹೆಸರಿನ ರೊಟ್ಟಿ! ಜನ ಕುತೂಹಲಕ್ಕೆ ಒಮ್ಮೆ ಕೊಂಡರು, ರುಚಿಗೆ ಮತ್ತೆ ಮತ್ತೆ ಕೊಂಡರು. ವ್ಯಾಪಾರ ಏರಿದ್ದಕ್ಕೆ ಬಂಡೆಮ್ಮನಿಗೆ ಸಂತೋಷವೇನೋ ಆಯಿತು. ಆದರೆ ಅವಳ ಆಸೆ ಬೇರೆಯೇ ಇತ್ತು. ಎಂದಾದರೊಂದು ದಿನ ಅವನೂ ಫೋನಿನಲ್ಲಿ ಈ ಹೆಸರು ಕಂಡು, ಇದು ನನ್ನವಳದೇ ಎಂದು ಹುಡುಕಿಕೊಂಡು ಬಂದಾನು.

ಬೆಲ್ಲ ಇದ್ದಲ್ಲಿ ಇರುವೆ ಬರುವುದು ತಪ್ಪೀತೇ? ಯಾವನೋ ಒಬ್ಬ ಯಂತ್ರದಲ್ಲಿ ಮಾಡಿದ ರೊಟ್ಟಿಗೆ ಅದೇ ಹೆಸರಿಟ್ಟು ಅಗ್ಗಕ್ಕೆ ಮಾರತೊಡಗಿದ. ಗಿರಾಕಿಗಳು ಮೋಸಹೋದರು. ಭಾಗ್ಯಶ್ರೀ ಸಿಟ್ಟಿಗೆದ್ದು ಆಪ್‌ನವರಿಗೆ ದೂರು ಕೊಟ್ಟಳು. ಅಲ್ಲಿಂದ ಫೋನ್ ಬಂತು. ಮಾತಾಡಿದವಳು ಬೆಂಗಳೂರಿನ ಹುಡುಗಿ.

“ಅಮ್ಮಾ, ಹೆಸರು ನಿಮ್ಮದು ಅಂತ ದಾಖಲೆ ಮಾಡ್ಕೋಬೇಕು. ಅಂಗಡಿ ಹೆಸರನ್ನ ನೀವೇ ಹೇಳಿ, ರೆಕಾರ್ಡ್ ಆಗುತ್ತೆ.”

“ನಮ್ಮ ಹುಡುಗಿ ಹೇಳ್ತಾಳ್ರಿ.”

“ಇಲ್ಲಮ್ಮಾ, ಮಾಲೀಕರೇ ಹೇಳಬೇಕು.”

“ಅದು ನಮ್ಮ ಮನಿಯವ್ರ ಹೆಸರೈತ್ರಿ. ನಾ ಹೆಂಗ ಹೇಳ್ಲಿ?”

“ನೀವು ಹೇಳದೇ ಇದ್ರೆ ಹೆಸರು ಅವರಿಗೇ ಹೋಗ್ಬಿಡುತ್ತೆ ಅಮ್ಮಾ.”

ಬಂಡೆಮ್ಮ ಬಾಯಿಗೆ ಸೆರಗು ಹಚ್ಚಿದಳು. ಹೇಳಿದರೆ ಅವನ ಆಯುಷ್ಯಕ್ಕೆ ಕುತ್ತು. ಹೇಳದಿದ್ದರೆ ಹೆಸರು ಕಂಡವರ ಪಾಲು. ಆ ಹೆಸರು ಹಿಡಿದು ಅವನು ಹುಡುಕಿ ಹೋದರೂ ಇನ್ನಾರದೋ ಬಾಗಿಲು ತಟ್ಟುತ್ತಾನೆ. ಬಂಡೆಮ್ಮ ಕಣ್ಣು ಮುಚ್ಚಿಕೊಂಡು ಉಸಿರಿನಲ್ಲೇ ಹೇಳಿದಳು.

“ಕೇಳಿಸ್ಲಿಲ್ಲ ಅಮ್ಮಾ, ಜೋರಾಗಿ ಹೇಳಿ.”

“ದ್ಯಾವಪ್ಪಾ!”

ಹೊಸ್ತಿಲಲ್ಲಿ ನಿಂತು ಊಟಕ್ಕೆ ಕರೆದಂತಿತ್ತು ಆ ಕೂಗು. ಕರೆದವಳು ತಡೆಯಲಾರದೆ ಬಾಗಿಲ ಕಡೆ ನೋಡಿದಳು. ಓಣಿಯಲ್ಲಿ ಯಾರೂ ಇರಲಿಲ್ಲ.

“ಆಯ್ತಮ್ಮಾ, ಇನ್ಮೇಲೆ ಈ ಹೆಸರು ನಿಮ್ಮದೇ,” ಎಂದು ಆ ಹುಡುಗಿ ಫೋನ್ ಇಟ್ಟಳು.

“ಗೆದ್ವಿ ಚಿಗವ್ವ!” ಎಂದು ಭಾಗ್ಯಶ್ರೀ ಕುಣಿದಾಡಿದಳು. ಬಂಡೆಮ್ಮ ಇನ್ನೂ ಬಾಗಿಲನ್ನೇ ನೋಡುತ್ತಿದ್ದಳು.

“ಇಷ್ಟು ವರ್ಷದಾಗ ಒಮ್ಮಿ ಹೆಸರು ಹಿಡದು ಕರದೆ,” ಎಂದಳು. “ಓ ಅನ್ನಲಿಲ್ಲಲ್ಲ, ಭಾಗ್ಯಾ.”