ಅಣ್ಣ ಮುಟ್ಟಿದ ಬ್ರೇಕು

ತೊಂಬತ್ತರ ದಶಕದಲ್ಲಿ ಅಶೋಕಪುರಂನ ನಮ್ಮ ಮನೆಗೆ ನನಗೆಂದೇ ಹೊಸ ಸೈಕಲ್ ಬಂತು. ಜೊತೆಗೆ ಅಪ್ಪನ ಷರತ್ತೂ ಬಂತು: "ಒಂದೇ ಒಂದ್ಸಲ ಬಿದ್ದೆ ಅಂದ್ರೆ ಸೈಕಲ್ ನಿಮ್ಮಣ್ಣಂಗೆ. ನೀನು ಕಾಲೇಜಿಗೆ ಬಸ್ಸಲ್ಲಿ ಹೋಗು." ಅವತ್ತಿನಿಂದಲೇ ನನಗೆ ಅಣ್ಣನ ಮೇಲೆ ಗುಮಾನಿ. ಅವನು ಗಾಳಿ ಹೊಡೆದರೂ ಗುಮಾನಿ, ಹೊಡೆಯದಿದ್ದರೂ ಗುಮಾನಿ. ಆಯುಧಪೂಜೆಯ ಹಿಂದಿನ ಸಂಜೆ ಬ್ರೇಕು ಬಿಗಿ ಮಾಡುತ್ತ ಕೂತಿದ್ದ. ಇವನಿಗೇಕೆ ನನ್ನ ಸೈಕಲ್ಲಿನ ಉಸಾಬರಿ?

ಹಬ್ಬ ಮುಗಿದ ಮಾರನೇ ಬೆಳಿಗ್ಗೆ ಇಬ್ಬರೂ ಚಾಮುಂಡಿ ಬೆಟ್ಟಕ್ಕೆ ಹೊರಟೆವು, ಅವನು ಅಪ್ಪನ ಹಳೇ ಸೈಕಲ್ಲಿನಲ್ಲಿ. ತಳ್ಳಿಕೊಂಡು ಹತ್ತಿದ್ದಾಯಿತು. ಇಳಿಯುವಾಗ ಮೊದಲ ತಿರುವಿನಲ್ಲೇ ಬ್ರೇಕು ಒತ್ತಿದೆ. ಹಿಡಿಯಲಿಲ್ಲ. ಎರಡೂ ಒತ್ತಿದೆ. ಊಹೂಂ! ಪಾಪಿ, ಕೊನೆಗೂ ಮಾಡಿಬಿಟ್ಟನಲ್ಲ!

ಹಿಂದಿನಿಂದ ಅವನ ಕೂಗು: "ನೆಟ್ಟಗೆ ಬುಡ್ಬೇಡ ಕಣೇ! ಅಡ್ಡಡ್ಡ ಹೊಡಿ! ರಸ್ತೆ ಪೂರ್ತಿ ತಗೋ!"

ಬೀಳಿಸುವುದಕ್ಕೇ ಹೇಳುತ್ತಿದ್ದಾನೇನೋ. ಆದರೆ ಬೇರೆ ದಾರಿ ಇರಲಿಲ್ಲ. ಮೈ ವಾಲಿಸಿ ಬಲಕ್ಕೆ ಹೊರಳಿಸಿದೆ. ರಸ್ತೆಯಂಚಿನಲ್ಲಿ ಮುಂದಿನ ಗಾಲಿಯನ್ನು ಚೂರು ಏರಿನ ಕಡೆಗೆ ತಿರುಗಿಸಿದೆ, ವೇಗ ಇಳಿಯಿತು. ಮತ್ತೆ ಎಡಕ್ಕೆ. ನೆಟ್ಟಗಾದ ಕೂಡಲೇ ಸೈಕಲ್ ಓಡುತ್ತಿತ್ತು, ಅಡ್ಡ ಹೊರಳಿದರೆ ಪಳಗುತ್ತಿತ್ತು. ಹೀಗೆ ಹಾವಿನ ಹಾಗೆ ಬಳುಕುತ್ತಲೇ ಬುಡ ಮುಟ್ಟಿದೆ. ಬೀಳಲಿಲ್ಲ.

"ಬ್ರೇಕಿಗೆ ಏನೋ ಮಾಡ್ದೆ? ನಿಜ ಹೇಳು!" ಎಂದು ಅವನ ಕಾಲರ್ ಹಿಡಿದೆ.

ಅವನು ಬಗ್ಗಿ ಗಾಲಿಯ ಅಂಚನ್ನು ಬೆರಳಿನಿಂದ ಸವರಿದ, ಮೂಸಿ ನೋಡಿದ. ಮುಖ ಸಣ್ಣದಾಯಿತು. ಕರ್ಚೀಫು ತೆಗೆದು ಅಂಚನ್ನು ಒರೆಸುತ್ತ, "ಹೂಂ, ನಾನೇ ಸಡಿಲ ಮಾಡ್ಬುಟ್ಟಿದ್ದೆ. ತಪ್ಪಾಯ್ತು. ಅಮ್ಮಂಗೆ ಹೇಳ್ಬೇಡ" ಎಂದ.

ಅಮ್ಮನಿಗೆ ಹೇಳಲಿಲ್ಲ, ನೇರ ಅಪ್ಪನಿಗೇ ಹೇಳಿದೆ. ಅಣ್ಣನ ಕಪಾಳಕ್ಕೆ ಎರಡು ಬಿತ್ತು. ನನಗೆ ಖುಷಿಯಾಯಿತು. ತಿಂಗಳುಗಟ್ಟಲೆ ಅವನ ಜೊತೆ ಮಾತು ಬಿಟ್ಟೆ.

ಮುಂದಿನ ವರ್ಷ ಆಯುಧಪೂಜೆಗೆ ಸೈಕಲ್ ತೊಳೆದಿಟ್ಟು ಹೂವು ತರಲು ಒಳಗೆ ಹೋದೆ. ವಾಪಸ್ ಬಂದು ನೋಡಿದರೆ ಅಮ್ಮ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಗಾಲಿಗಳ ಅಂಚಿಗೆಲ್ಲ ಸವರುತ್ತಿದ್ದಾಳೆ.

"ಫಳಫಳ ಅಂತ ಹೊಳೀಲಿ ಕಣಮ್ಮ. ಹೋದ್ಸಲನೂ ಇಂಗೇ ಮಾಡಿದ್ದೆ, ಎಷ್ಟು ಚೆಂದಾಗಿತ್ತು!"

ಎಣ್ಣೆಯ ಮೇಲೆ ಬ್ರೇಕು ಜಾರದೆ ಹಿಡಿದೀತೇ? ಬಾಯಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ಅಣ್ಣ ಬೇಡವೆಂದು ತಲೆಯಾಡಿಸಿದ. ತಂದ ಹೂವನ್ನು ಹ್ಯಾಂಡಲಿಗೆ ಸಿಕ್ಕಿಸಿದೆ.

ಪೂಜೆ ಮುಗಿದು ಅಮ್ಮ ಅಡುಗೆಮನೆಗೆ ಹೋದ ಮೇಲೆ ಇಬ್ಬರೂ ಹಳೇ ಬಟ್ಟೆ ಹಿಡಿದು ಕೂತೆವು. ನನಗೆ ತಲೆ ಎತ್ತಲು ಆಗಲಿಲ್ಲ.

"ತುಂಬಾ ನೋವಾಗಿತ್ತೇನೋ ಅವತ್ತು, ಕಪಾಳ?" ಎಂದೆ.

"ಆ ಕಡೆ ಗಾಲಿ ಒರ್ಸು" ಎಂದ.