ಕಾಲು ಕೊಡಿ ಸರ್

ಕಳೆದ ಶನಿವಾರದಿಂದ ನನಗೆ ಒಂದು ಕಡೆ ನೆಟ್ಟಗೆ ಕುಳಿತುಕೊಳ್ಳಲು ಆಗುತ್ತಿಲ್ಲ. ಬೆನ್ನುನೋವಲ್ಲ. ಒಂದು ಜೊತೆ ಶೂ ಕೊಳ್ಳಲು ಹೋಗಿದ್ದೆ, ಅಷ್ಟೇ.

ಪುತ್ತೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಹೊಸ ಶೋರೂಮ್ ಆಗಿದೆ. ಎಸಿ, ಆಳೆತ್ತರದ ಕನ್ನಡಿ, ಕಣ್ಣು ಕುಕ್ಕುವ ಲೈಟು. (ಚಪ್ಪಲಿ ಅಂಗಡಿ ಎಂದರೆ ಅವರಿಗೆ ಬೇಸರವಾದೀತು.) ಕೆಲಸಕ್ಕೆ ಸೇರಬಯಸುವವರಿಗೆ ಅಲ್ಲೇ ತರಬೇತಿ. ಬಾಯಿಪಾಠವಲ್ಲ, ನಮ್ಮಂಥ ನಿಜವಾದ ಗಿರಾಕಿಗಳ ಮೇಲೆಯೇ ಪ್ರಯೋಗ. ಬೆಂಗಳೂರಿನಿಂದ ಬಂದ ಟ್ರೇನರ್ ಹಿಂದೆ ಕೈಕಟ್ಟಿ ನಿಂತು ನೋಡುತ್ತಿರುತ್ತಾನೆ.

"ನಮಸ್ಕಾರ ಸರ್, ಬನ್ನಿ, ಕುಳಿತುಕೊಳ್ಳಿ."

ತಲೆಯೆತ್ತಿ ನೋಡಿದೆ. ನೀಲಿ ಟೀ ಶರ್ಟ್ ತೊಟ್ಟ ರೇವತಿ ಟೀಚರ್!

ಸವಣೂರಿನ ಹತ್ತಿರದ ಪುಟ್ಟ ಶಾಲೆಯಲ್ಲಿ ನನ್ನ ಮಗಳಿಗೆ ಅಕ್ಷರ ಕಲಿಸಿದವರು. ಪೇರೆಂಟ್ಸ್ ಮೀಟಿಂಗಿನಲ್ಲಿ ನಾವೆಲ್ಲ ಅವರ ಮುಂದೆ ಕೈಕಟ್ಟಿ ಕೂರುತ್ತಿದ್ದೆವು. ಮಕ್ಕಳು ಕಡಿಮೆಯಾಗಿ ಆ ಶಾಲೆ ಮುಚ್ಚಿತು. ಆಮೇಲೆ ಟೀಚರ್ ಏನಾದರೆಂದು ನಾವು ಯಾರೂ ಕೇಳಲಿಲ್ಲ. (ನೀವಾದರೆ ಕೇಳುತ್ತಿದ್ದಿರಾ?)

ಅವರೂ ನನ್ನನ್ನು ಗುರುತಿಸಿದರು. ಆದರೆ ತೋರಿಸಿಕೊಳ್ಳಲಿಲ್ಲ. ಸೈಜ್ ಕೇಳಿ ಶೂ ತಂದರು. ನನ್ನೆದುರು ನೆಲಕ್ಕೆ ಮಂಡಿಯೂರಿ ಕಾಲಿಗೆ ಕೈ ಚಾಚಿದರು.

ಕೆಂಡ ತಾಗಿದವನಂತೆ ಕಾಲು ಹಿಂದಕ್ಕೆಳೆದೆ. "ಬೇಡ ಟೀಚರೇ, ನಾನೇ ಹಾಕಿಕೊಳ್ತೇನೆ."

ಅವರು ದನಿ ತಗ್ಗಿಸಿದರು. "ಕಾಲು ಕೊಡಿ ಸರ್. ಟ್ರೇನಿಂಗ್ ಮುಗಿಯುದು ಇವತ್ತು. ಅವರು ನೋಡ್ತಾ ಇದ್ದಾರೆ. ಬರುವವರೆಲ್ಲ ಪರಿಚಯದವರೇ. ಎಲ್ಲರೂ ಹೀಗೆ ಕಾಲು ಎಳ್ಕೊಂಡ್ರೆ ನಾನು ಕೆಲಸ ತೋರಿಸುದು ಹೇಗೆ?"

ಕೊಟ್ಟೆ. ಸಾಕ್ಸ್‌ನಲ್ಲಿ ತೂತು ಬೇರೆ. ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಸೀಲಿಂಗಿನ ಲೈಟು ನೋಡುತ್ತಾ ಕುಳಿತೆ.

"ಇಲ್ಲಿ ಬಿಗಿ ಉಂಟಾ?" ಹೆಬ್ಬೆರಳಿನ ಮೇಲೆ ಒತ್ತಿ ಕೇಳಿದರು.

"ಇಲ್ಲ ಇಲ್ಲ, ಸರಿ ಉಂಟು." ಅಲ್ಲಿಂದ ಎದ್ದರೆ ಸಾಕಾಗಿತ್ತು ನನಗೆ.

"ಸುಳ್ಳು ಹೇಳ್ಬೇಡಿ. ಬೆರಳು ಮಡಚಿದೆ."

ಅದೇ ಕ್ಲಾಸಿನ ದನಿ! ಬಾಯಿತಪ್ಪಿ ಬಂದುಬಿಟ್ಟಿತ್ತು. ಟ್ರೇನರ್ ಎರಡು ಹೆಜ್ಜೆ ಮುಂದೆ ಬಂದ. "ಮೇಡಂ, ಕಸ್ಟಮರ್‌ಗೆ ಹಾಗೆ ಮಾತಾಡಬಾರದು ಅಂತ ಎಷ್ಟು ಸಲ ಹೇಳಿಕೊಟ್ಟಿದೀನಿ?"

ಟೀಚರ್ ಮುಖ ಬಿಳುಚಿತು. ನನಗೆ ತಡೆಯಲಾಗಲಿಲ್ಲ. ಒಂದೇ ಕಾಲಿಗೆ ಶೂ ಹಾಕಿಕೊಂಡು ಎದ್ದು ನಿಂತೆ. "ಪರವಾಗಿಲ್ಲ ಮಾರಾಯ್ರೆ, ಇವರು ನನ್ನ ಮಗಳ ಟೀಚರ್!"

"ಹೌದಾ ಸರ್? ಪರಿಚಯದವರಾದರೆ ಇದು ಲೆಕ್ಕಕ್ಕಿಲ್ಲ. ಮೇಡಂ, ಬೇರೆ ಕಸ್ಟಮರ್ ನೋಡಿ. ಇದೇ ಕೊನೇ ಚಾನ್ಸ್."

ಉಪಕಾರ ಮಾಡಲು ಹೋಗಿ ಎಂಥ ಕೆಲಸ ಮಾಡಿದೆ ನೋಡಿ!

ಅಷ್ಟರಲ್ಲಿ ಅಪರಿಚಿತನೊಬ್ಬ ಬಂದು ಕುಳಿತ. ಕಿವಿಯಲ್ಲಿ ಮೊಬೈಲ್. ಸಂಪಾಜೆ ಘಾಟಿಯಲ್ಲಿ ಲಾರಿ ಸಿಕ್ಕಿಕೊಂಡ ಬಗ್ಗೆ ಯಾರಿಗೋ ಜೋರಾಗಿ ಬೈಯುತ್ತಿದ್ದ. ಟೀಚರ್ ನಮಸ್ಕಾರ ಹೇಳಿದರೆ ತಿರುಗಿ ನೋಡಲಿಲ್ಲ. ಸುಮ್ಮನೆ ಎರಡೂ ಕಾಲು ಚಾಚಿದ.

ಅವರು ಮಂಡಿಯೂರಿದರು. ಹಳೆ ಚಪ್ಪಲಿ ಕಳಚಿದರು, ಹೊಸ ಶೂ ತೊಡಿಸಿದರು, ಒತ್ತಿ ನೋಡಿದರು, ಬೇರೆ ಸೈಜ್ ತಂದರು. ಮುಖದ ನಗು ಮಾಸಲಿಲ್ಲ. ನಾನು ರ‍್ಯಾಕುಗಳ ನಡುವೆ ಬೇಡದ ಚಪ್ಪಲಿ ಎತ್ತಿ ಇಡುತ್ತಾ ಅತ್ತಿಂದಿತ್ತ ಸುತ್ತಿದೆ. ಆತ ಫೋನ್ ಇಡದೆಯೇ 'ಪ್ಯಾಕ್ ಮಾಡಿ' ಎಂದು ಕೈಸನ್ನೆ ಮಾಡಿದ.

ಟ್ರೇನರ್ ತಲೆಯಾಡಿಸಿದ. "ಗುಡ್ ಮೇಡಂ. ಸೋಮವಾರದಿಂದ ಬನ್ನಿ."

ಟೀಚರ್ ನನ್ನ ಹತ್ತಿರ ಬಂದರು. ಕಣ್ಣು ಹೊಳೆಯುತ್ತಿತ್ತು. "ಸಿಕ್ಕಿತು ಸರ್!"

"ಒಳ್ಳೇದಾಯ್ತು ಟೀಚರೇ. ಆದ್ರೆ... ಕಾಲು ಮುಟ್ಟುವಾಗ ನಿಮಗೆ ಎಂತದೂ ಅನ್ನಿಸುದಿಲ್ವಾ?"

ಅವರು ನಕ್ಕರು. "ನಿಮ್ಮ ಮಗಳ ಶೂ ಲೇಸ್ ದಿನಾ ಕಟ್ಟಿದ್ದು ಯಾರು ಸರ್? ಆಗ ನೀವು ಬೇಡ ಅನ್ಲಿಲ್ಲ."

ಒಂದು ಸೈಜ್ ದೊಡ್ಡ ಶೂ ಅವರೇ ತಂದುಕೊಟ್ಟರು, ತೆಗೆದುಕೊಂಡು ಬಂದೆ.

ಮುಖವನ್ನೂ ನೋಡದೆ ಕಾಲು ಚಾಚಿದವನಿಂದ ಅವರು ಪಾಸಾದರು. ಗೌರವ ಕೊಡಲು ಹೋದ ನನ್ನಿಂದ ಫೇಲ್ ಆಗುವುದರಲ್ಲಿದ್ದರು. ಹಾಗಾದರೆ ನಾನು ಕೊಟ್ಟದ್ದು ಗೌರವವೇ ಹೌದಾ ಮಾರಾಯ್ರೆ?