ಕಾಲಸಂಸ್ಕಾರ ವಿಭಾಗ

ಗಿಟಾರ್ ಕಾರ್ಖಾನೆಯ ಬಣ್ಣದ ಕೋಣೆಯವನನ್ನು ಎಲ್ಲರೂ ಕನ್ನಡಿ ಎಂದು ಕರೆಯುತ್ತಿದ್ದರು. ಅವನು ಲ್ಯಾಕರ್ ಮೆರುಗು ಹೊಡೆದ ಗಿಟಾರಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದು ಎಂಬುದು ಹೊಗಳಿಕೆ. ತನ್ನ ಮುಖ ಬಿಟ್ಟು ಬೇರೇನೂ ಅವನಿಗೆ ಕಾಣುವುದಿಲ್ಲ ಎಂಬುದು ಬೆನ್ನ ಹಿಂದಿನ ಮಾತು. ಎರಡೂ ಸುಳ್ಳಲ್ಲ.

ಧೂಳೆಂದರೆ ಅವನಿಗೆ ಹುಟ್ಟುವೈರಿ. ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಜಡಿದು, ಆಮೇಲೆಯೇ ಸ್ಪ್ರೇ ಗನ್ ಮುಟ್ಟುವುದು. ತೆಳುವಾಗಿ ಒಂದು ಲೇಪ, ಅದು ಒಣಗಿದ ಮೇಲೆ ಇನ್ನೊಂದು. ಕೈ ಒಂದೇ ವೇಗದಲ್ಲಿ ಸಾಗಬೇಕು. ಅರೆಗಳಿಗೆ ತಡವರಿಸಿದರೂ ಲ್ಯಾಕರ್ ಕೆಳಗಿಳಿದು ಕಣ್ಣೀರಿನ ಹನಿಯಂತೆ ಗಟ್ಟಿಯಾಗಿ ಕೂರುತ್ತದೆ. ಮನೆಯಲ್ಲೂ ಇದೇ ಶಿಸ್ತು. ಮೇಜಿನ ಮೇಲೆ ಲೋಟದ ಗುರುತು ಬಿದ್ದರೆ ಸಂಜೆಯಿಡೀ ವಿಚಾರಣೆ.

"ನಾನೂ ಗಿಟಾರಾಗಿ ಹುಟ್ಟಿದ್ರೆ ನೀವು ನನ್ನ ಮುಖ ನೋಡ್ತಿದ್ರೇನೋ," ಎನ್ನುತ್ತಿದ್ದಳು ಹೆಂಡತಿ.

ಆ ಮನೆಯಲ್ಲಿ ಅವನ ಕಣ್ಣಿಗೆ ಕಸವಾಗಿದ್ದವನು ಅವಳ ತಮ್ಮ. ಮನೆ ಸಾಮಾನು ಸಾಗಿಸುವ ಕೆಲಸದಲ್ಲಿ ಕಂಡವರ ಬೀರುಗಳನ್ನೆಲ್ಲ ಗೀಚಿ, ಕೆಲಸ ಕಳಕೊಂಡು, ಅಕ್ಕನ ಮನೆಗೆ ಬಂದು ಬಿದ್ದಿದ್ದ. ಕನ್ನಡಿ ಅವನನ್ನು ಗೀರು ಎಂದೇ ಕರೆಯುತ್ತಿದ್ದ.

ಹೀಗಿರುವಾಗ ಮಾಲೀಕರು ಯಾವುದೋ ಮೇಳಕ್ಕೆ ಹೋಗಿ ಬಂದರು. ಬಂದವರೇ ಬಣ್ಣ ಉದುರಿದ ಗಿಟಾರೊಂದನ್ನು ಮೇಜಿನ ಮೇಲಿಟ್ಟರು.

"ನೋಡಯ್ಯಾ, ಇಂಥದಕ್ಕೆ ಜನ ಮುಗಿಬೀಳ್ತಿದಾರೆ. ಈಗ ಹಳೇದೇ ಹೊಸದು."

"ಹಳೇದು ಬೇಕಂದ್ರೆ ಹಳೇದನ್ನೇ ಕೊಂಡ್ಕೊಳ್ಳಲಿ ಸಾರ್."

"ಅಷ್ಟೊಂದು ಹಳೇದು ಎಲ್ಲಿಂದ ಬರ್ಬೇಕು? ನಾವೇ ತಯಾರಿಸ್ಬೇಕು."

ಕನ್ನಡಿಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ನನ್ನ ಭಾವಮೈದನ್ನ ಕರೆಸಿ. ಅವನು ಮುಟ್ಟಿದ್ದೆಲ್ಲ ಹಳೇದಾಗತ್ತೆ," ಎಂದು ವ್ಯಂಗ್ಯವಾಡಿದ. ಮಾಲೀಕರಿಗೆ ವ್ಯಂಗ್ಯ ತಿಳಿಯುತ್ತಿರಲಿಲ್ಲ. ಸೋಮವಾರ ಬೆಳಗ್ಗೆ ಪಕ್ಕದ ಕೋಣೆಗೆ 'ಕಾಲಸಂಸ್ಕಾರ ವಿಭಾಗ' ಎಂಬ ಬೋರ್ಡು ಬಂತು. ಒಳಗೆ ಸೈಕಲ್ ಚೈನು, ಬೀಗದ ಕೈ ಗೊಂಚಲು ಮತ್ತು ಗೀರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕನ್ನಡಿ ವಾರಗಟ್ಟಲೆ ನುಣುಪು ಮಾಡಿದ್ದನ್ನು ಗೀರು ಚೈನಿನಲ್ಲಿ ಬಡಿದು, ಬೀಗದ ಕೈಯಲ್ಲಿ ಗೀಚಿ, ಚಹಾ ಆರುವುದರೊಳಗೆ ಮುಗಿಸುತ್ತಿದ್ದ. ಒಂದು ದಿನ ಗಿರಾಕಿಯೊಬ್ಬ ಬಂದ. ಹೊಸದಾಗಿಯೇ ಹರಿದ ಪ್ಯಾಂಟು ತೊಟ್ಟಿದ್ದ. ಗಿಟಾರಿನ ಗೀರುಗಳ ಮೇಲೆ ಬೆರಳಾಡಿಸಿ, "ಆಹಾ, ಇದರಲ್ಲಿ ಎಷ್ಟು ನೋವಿದೆ!" ಎಂದ.

"ನೋವು ನಂದು," ಎಂದು ಕನ್ನಡಿ ಗೊಣಗಿದ.

ಗಿರಾಕಿಗೆ ಅದು ಕೇಳಿಸಲಿಲ್ಲ. "ಇಲ್ಲೊಂದು ಕಡೆ ಸ್ವಲ್ಪ ಹೊಳೀತಿದೆ. ಅದೊಂದು ಸರಿಮಾಡಿಸಿಬಿಡಿ," ಎಂದು ಮಾಲೀಕರಿಗೆ ಹೇಳಿ ಹೋದ.

ಅಂದಿನಿಂದ ಕನ್ನಡಿ ಭಾವಮೈದನೊಡನೆ ಮಾತು ಬಿಟ್ಟ. ಆದರೆ ಸಿಟ್ಟಿನ ಭರದಲ್ಲೋ ಏನೋ, ಆಮೇಲೆ ಅವನು ಮಾಡಿದ ಕಡುಗೆಂಪು ಗಿಟಾರಿನಂಥದನ್ನು ಹಿಂದೆಂದೂ ಮಾಡಿರಲಿಲ್ಲ. ದೀಪದ ಬೆಳಕು ಅದರ ಮೇಲೆ ನೀರಿನಂತೆ ಹರಿಯುತ್ತಿತ್ತು. ಅದನ್ನು ಪಕ್ಕದ ಕೋಣೆಗೆ ಒಪ್ಪಿಸಿ ಬಹಳ ಹೊತ್ತಾದರೂ ಚೈನಿನ ಸದ್ದೇ ಕೇಳಲಿಲ್ಲ. ಇಣುಕಿ ನೋಡಿದರೆ ಗೀರು ಕೈಕಟ್ಟಿ ನಿಂತಿದ್ದ.

"ಭಾವ, ಬೈಬೇಡಿ. ಇದಕ್ಕೆ ಹೊಡೆಯೋಕೆ ಕೈ ಬರ್ತಿಲ್ಲ. ಏನು ಚೆನ್ನಾಗಿ ಮಾಡಿದೀರ!"

ಸ್ವಂತ ಮನೆಯವರ ಬಾಯಲ್ಲಿ ಅಂಥ ಮಾತನ್ನು ಕನ್ನಡಿ ಕೇಳಿದ್ದು ಅದೇ ಮೊದಲು. ಹೊರಗೆ ಮಾಲೀಕರು, "ಏನ್ರೀ, ಲಾರಿ ಕಾಯ್ತಿದೆ! ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ!" ಎಂದು ಕೂಗುತ್ತಿದ್ದರು.

ಹುಡುಗನ ಅನ್ನಕ್ಕೆ ಕಲ್ಲು ಬೀಳುವುದು ಖಚಿತವಾಯಿತು. ಕನ್ನಡಿ ಚೈನು ಕಿತ್ತುಕೊಂಡು, ಕಣ್ಣು ಮುಚ್ಚಿ, ಒಂದೇಟು ಬಿಟ್ಟ. ಕಣ್ಣು ತೆರೆದು ಬಾಗಿ ನೋಡಿದ. ಅವನ ಹುಬ್ಬು ಗಂಟಿಕ್ಕಿತು.

"ಥೂ! ಇದೊಂದು ಗೀರೇ? ಉದ್ದಕ್ಕೂ ಒಂದೇ ಆಳ! ನುಡಿಸೋವಾಗ ತೋಳು ಉಜ್ಜೋದು ಇಲ್ಲಿ ಅಲ್ವೇನೋ? ಸವೆಯೋದೂ ಇಲ್ಲೇ. ತಾ ಆ ಬೀಗದ ಕೈನ."

ಸಂಜೆಯವರೆಗೆ ಅವನು ಆ ಕೋಣೆ ಬಿಟ್ಟು ಹೊರಬರಲಿಲ್ಲ. ಲಾರಿ ಖಾಲಿ ಹೋಯಿತು.

ಈಗ ಕನ್ನಡಿಯೇ ಕಾಲಸಂಸ್ಕಾರ ವಿಭಾಗದ ಮುಖ್ಯಸ್ಥ. ಒಂದು ಗೀರಿಗೆ ಅರ್ಧ ದಿನ ಹಿಡಿಯುತ್ತದೆ. ಮಾಲೀಕರು ತಲೆ ಚಚ್ಚಿಕೊಳ್ಳುತ್ತಾರೆ. ಬಣ್ಣದ ಕೋಣೆಯಲ್ಲಿ ಭಾವಮೈದ ಸ್ಪ್ರೇ ಗನ್ ಹಿಡಿಯಲು ಕಲಿಯುತ್ತಿದ್ದಾನೆ. ಅವನ ಗಿಟಾರುಗಳು ಒಣಗುವ ಮೊದಲೇ ಹಳೆಯವಾಗಿ ಕಾಣುವುದರಿಂದ ಗಿರಾಕಿಗಳು ಅವನ್ನೇ ಕೇಳಿ ಕೊಳ್ಳುತ್ತಿದ್ದಾರೆ. ಈ ಸಂಗತಿಯನ್ನು ಕನ್ನಡಿಗೆ ಹೇಳುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.